ಮಳೆಗಾಲ, 4 ಜಿಬಿ ಲ್ಯಾಪ್‌ಟಾಪ್ ಮತ್ತು ಹಗುರವಾದ ಲಾಂಚರ್‌ಗಳು

ಜುಲೈ ಬಂತೆಂದರೆ ಕೊಡಗಿನ ನಮ್ಮ ಶಾಂತಳ್ಳಿ ಕಡೆ ಕರೆಂಟ್ ನಂಬುವ ಹಾಗಿಲ್ಲ. ಸಿಲ್ವರ್ ಮರದ ಕೊಂಬೆ ಮುರಿದು ಲೈನ್ ಮೇಲೆ ಬೀಳುತ್ತದೆ, ಕಂಬ ವಾಲುತ್ತದೆ, ಟವರ್‌ನ ಬ್ಯಾಟರಿ ಇಳಿದರೆ ನೆಟ್ಟೂ ಹೋಯಿತು. ಶಾಲೆಗೆ ಮಳೆ ರಜೆ ಕೊಟ್ಟ ದಿನ ಚಿಕ್ಕಪ್ಪನ ಮಗ ಕೊಡೆ ಮಡಚಿಟ್ಟು ಸೀದಾ ನನ್ನ ರೂಮಿಗೆ ಬರುತ್ತಾನೆ. "ಅಣ್ಣಾ, ಗೇಮ್ ಹಾಕು." ನನ್ನ ಹತ್ತಿರ ಇರುವುದು 4 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್, ಅದರಲ್ಲಿ ವಿಂಡೋಸ್ ಬದಲು ಡೆಬಿಯನ್ ಎಂಬ ಲಿನಕ್ಸ್.

ಎರಡು ವರ್ಷದ ಹಿಂದೆ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ, ಒಂದು ದೊಡ್ಡ ಲಾಂಚರ್ (ಗೇಮ್ ಇಳಿಸಿ ತೆರೆಯುವ ಪ್ರೋಗ್ರಾಂ) ಹಾಕಿಕೊಂಡಿದ್ದೆ. ಗೇಮ್ ತೆರೆಯುವ ಮೊದಲೇ ಫ್ಯಾನ್ ಜೋರಾಗಿ ಕೂಗುತ್ತಿತ್ತು. ಒಂದು ದಿನ ನೆಟ್ ಇರಲಿಲ್ಲ, ಲಾಂಚರ್ ಮತ್ತೆ ಲಾಗಿನ್ ಆಗು ಅಂತ ಹೇಳಿ ಅಲ್ಲೇ ನಿಂತುಬಿಟ್ಟಿತು. ಗೇಮ್ ನನ್ನ ಹಾರ್ಡ್ ಡಿಸ್ಕಿನಲ್ಲೇ ಇದೆ, ಮೂರು ರಾತ್ರಿ ಕಾದು ಇಳಿಸಿಕೊಂಡದ್ದು, ಆದರೂ ತೆರೆಯಲು ಆಗಲಿಲ್ಲ. ಹುಡುಗ ಸಪ್ಪೆ ಮುಖ ಮಾಡಿಕೊಂಡು ಕಿಟಕಿ ಹತ್ತಿರ ಕೂತದ್ದು ನೋಡಿ ನನಗೆ ನಿಜವಾಗಿ ಬೇಜಾರಾಯಿತು. ಅವತ್ತಿನಿಂದ ಚಿಕ್ಕ ಲಾಂಚರ್‌ಗಳನ್ನು ಹುಡುಕಲು ಶುರು ಮಾಡಿದೆ.

ಈಗಿನ ಎಷ್ಟೋ ಲಾಂಚರ್‌ಗಳ ಹೊಟ್ಟೆಯಲ್ಲಿ ಒಂದು ಪೂರ್ತಿ ಬ್ರೌಸರ್ ಇರುತ್ತದೆ. ಅಂಗಡಿ ಪುಟ, ವಿಡಿಯೋ, ಸ್ನೇಹಿತರ ಪಟ್ಟಿ ಎಲ್ಲವೂ ವೆಬ್ ಪುಟಗಳೇ. 16 ಜಿಬಿ ಇದ್ದವರಿಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮಂಥವರ ಮಷೀನಿನಲ್ಲಿ ಗೇಮಿಗೆ ಸಿಗಬೇಕಾದ ಮೆಮೊರಿ ಅಲ್ಲೇ ಖಾಲಿಯಾಗುತ್ತದೆ, ಅಲ್ವಾ?

ಎಪಿಕ್ ಎಂಬ ಆನ್‌ಲೈನ್ ಗೇಮ್ ಅಂಗಡಿಗೆ ಲಿನಕ್ಸ್‌ನಲ್ಲಿ ಓಡುವ ಸ್ವಂತ ಲಾಂಚರೇ ಇಲ್ಲ. ಆ ಜಾಗದಲ್ಲಿ ನಾನು ಬಳಸುವುದು ಲೆಜೆಂಡರಿ. ಪೈಥಾನ್ ಭಾಷೆಯಲ್ಲಿ ಬರೆದ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲೇ ನಡೆಯುವ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಪ್ರೋಗ್ರಾಂ. ಎಪಿಕ್ ಖಾತೆಗೆ ಲಾಗಿನ್ ಆಗುತ್ತದೆ, ಗೇಮ್ ಇಳಿಸುತ್ತದೆ, ವೈನ್ ಮೂಲಕ ಶುರು ಮಾಡಿ ತಾನು ಪಕ್ಕಕ್ಕೆ ಸರಿಯುತ್ತದೆ. ನಾನು ಇದನ್ನು ಇಷ್ಟಪಡುವುದು ಡೌನ್‌ಲೋಡ್ ಮಾಡುವ ರೀತಿಗೆ. ಎಪಿಕ್‌ನ ಗೇಮ್‌ಗಳು ಚಿಕ್ಕ ಚಿಕ್ಕ ತುಂಡುಗಳಾಗಿ ಬರುತ್ತವೆ. ಮಧ್ಯದಲ್ಲಿ ಕರೆಂಟ್ ಹೋದರೆ ಅಲ್ಲಿಯವರೆಗೆ ಪೂರ್ತಿ ಇಳಿದ ಫೈಲ್‌ಗಳು ಲೆಜೆಂಡರಿಗೆ ನೆನಪಿರುತ್ತವೆ, ಮತ್ತೆ ಅದೇ ಇನ್‌ಸ್ಟಾಲ್ ಕಮಾಂಡ್ ಕೊಟ್ಟರೆ ಉಳಿದದ್ದನ್ನು ಮಾತ್ರ ತರುತ್ತದೆ. ಅಪ್‌ಡೇಟ್ ಬಂದಾಗಲೂ ಬದಲಾದ ತುಂಡುಗಳಷ್ಟೇ. ದಿನಕ್ಕೆ ನಾಲ್ಕು ಸಲ ಲೈನ್ ಹೋಗುವ ಊರಿನಲ್ಲಿ ಇದು ಎಷ್ಟು ದೊಡ್ಡ ಉಪಕಾರ ಅಂತ ಅನುಭವಿಸಿದವರಿಗೇ ಗೊತ್ತು.

ಇನ್ನೊಂದು, ಇಂಪೋರ್ಟ್. ತುಂಬಾ ದೊಡ್ಡ ಗೇಮ್ ಇದ್ದರೆ ಮಡಿಕೇರಿಯಲ್ಲಿ ಫೈಬರ್ ನೆಟ್ ಇರುವ ಗೆಳೆಯನ ಮನೆಯಲ್ಲಿ ಇಳಿಸಿ, ಹಾರ್ಡ್ ಡಿಸ್ಕಿನಲ್ಲಿ ತಂದು, ಫೋಲ್ಡರ್ ಎಲ್ಲಿದೆ ಅಂತ ಲೆಜೆಂಡರಿಗೆ ತೋರಿಸುತ್ತೇನೆ. ಏನಾದರೂ ಕೆಟ್ಟಿದ್ದರೆ, ಕಮ್ಮಿ ಇದ್ದರೆ ಅಷ್ಟನ್ನು ಮಾತ್ರ ಸರಿ ಮಾಡಿಸಬಹುದು. ನೆಟ್ ಇಲ್ಲದಾಗ ಲಾಂಚ್ ಕಮಾಂಡ್ ಜೊತೆ ಆಫ್‌ಲೈನ್ ಅಂತ ಸೇರಿಸಿದರೆ ಲಾಗಿನ್ ಗೊಡವೆ ಇಲ್ಲದೆ ಗೇಮ್ ತೆರೆಯುತ್ತದೆ, ಆದರೆ ಆ ಗೇಮೇ ಸರ್ವರ್ ಕೇಳುವಂಥದ್ದಾದರೆ ಏನೂ ಮಾಡಲಾಗದು.

ಟರ್ಮಿನಲ್ ಬೇಡ ಅನ್ನುವವರಿಗೆ ರೇರ್ ಇದೆ. ಅದು ಲೆಜೆಂಡರಿಗೇ ಕ್ಯೂಟಿ (Qt) ಎಂಬ ಸಲಕರಣೆಯಿಂದ ಮಾಡಿ ಹಾಕಿದ ಕಿಟಕಿ, ಚಿತ್ರ ಒತ್ತಿದರೆ ಗೇಮ್. ಹುಡುಗನಿಗೆ ಅದನ್ನೇ ಕೊಟ್ಟಿದ್ದೇನೆ.

ಜಿಒಜಿ ಎಂಬ ಇನ್ನೊಂದು ಗೇಮ್ ಅಂಗಡಿಯ ವಿಷಯ ಇನ್ನೂ ಸುಲಭ. 2014ರಿಂದ ಅವರು ಲಿನಕ್ಸ್ ಗೇಮ್‌ಗಳನ್ನು ಮಾರುತ್ತಿದ್ದಾರೆ, ಗೇಮ್‌ಗಳಿಗೆ ನಕಲು ತಡೆಯುವ ಡಿಆರ್‌ಎಂ ಬೀಗ ಇಲ್ಲ, ಆದರೆ ಅವರ ಗ್ಯಾಲಕ್ಸಿ ಲಾಂಚರ್ ಲಿನಕ್ಸ್‌ಗೆ ಬಂದಿರಲಿಲ್ಲ. ಆ ಕೊರತೆ ತುಂಬುವುದು ಮಿನಿಗ್ಯಾಲಕ್ಸಿ. ಇದೂ ಪೈಥಾನ್, ಕಿಟಕಿ ಜಿಟಿಕೆ ಎಂಬ ಕ್ಯೂಟಿಯಂಥದ್ದೇ ಸಲಕರಣೆಯದ್ದು, ಡೆಬಿಯನ್‌ನ ಪ್ಯಾಕೇಜ್ ಪಟ್ಟಿಯಲ್ಲೇ ಸಿಗುತ್ತದೆ. ಲಾಗಿನ್, ಡೌನ್‌ಲೋಡ್, ಪ್ಲೇ. ಅಷ್ಟೇ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತದೆ.

ಅದರಲ್ಲಿ ಮೊದಲು ಇಳಿಸಿದ್ದು ಬೇಸಾಯದ ಗೇಮ್ ಸ್ಟಾರ್‌ಡ್ಯೂ ವ್ಯಾಲಿ. ಈ ಹಳೇ ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ಓಡುತ್ತದೆ. ಅದರ ಒಳಗೆ ಮಳೆ ಬಂದ ದಿನ ಗಿಡಗಳಿಗೆ ನೀರು ಹಾಕಬೇಕಿಲ್ಲ, ಕಾಫಿಯನ್ನೂ ಬೆಳೆಯಬಹುದು, ಹತ್ತು ದಿನಕ್ಕೆ ಫಸಲು. ಹುಡುಗ ಅಡುಗೆಮನೆಗೆ ಓಡಿಹೋಗಿ ಚಿಕ್ಕಪ್ಪನಿಗೆ ಅದನ್ನು ಹೇಳಿದ. ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾದು, ಆಮೇಲೆ ಪ್ರತಿ ವರ್ಷ ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವ ಚಿಕ್ಕಪ್ಪ ಬಂದು ಹಿಂದೆ ನಿಂತು ಅರ್ಧ ಗಂಟೆ ನೋಡಿದರು.

ಹೀರೋಯಿಕ್ ಬಗ್ಗೆ ಜನ ಕೇಳುತ್ತಾರೆ. ಒಳ್ಳೆಯ ಓಪನ್ ಸೋರ್ಸ್ ಲಾಂಚರ್, ಎಪಿಕ್, ಜಿಒಜಿ, ಅಮೆಜಾನ್ ಮೂರೂ ಒಂದೇ ಕಡೆ, ಎಪಿಕ್ ಭಾಗಕ್ಕೆ ಒಳಗೆ ಲೆಜೆಂಡರಿಯೇ. ವೈನ್ ಮತ್ತು ಗೇಮ್‌ಗಳಿಗಾಗಿ ಅದರಿಂದಲೇ ಮಾಡಿದ ಪ್ರೋಟಾನ್ ಹೊಂದಿಸುವುದೂ ಅದರಲ್ಲಿ ಜಾಸ್ತಿ ಸುಲಭ. ಆದರೆ ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು, ಅಂದರೆ ಕ್ರೋಮಿಯಂ ಬ್ರೌಸರ್ ಜೊತೆಗೇ ಬರುತ್ತದೆ. 8 ಜಿಬಿ ಇದ್ದರೆ ಅದನ್ನೇ ಹಾಕಿಕೊಳ್ಳಿ, 4 ಇದ್ದರೆ ರೇರ್ ಮತ್ತು ಮಿನಿಗ್ಯಾಲಕ್ಸಿ. ಫೋರ್ಟ್‌ನೈಟ್ ಮಾತ್ರ ಯಾವುದರಲ್ಲೂ ಕೇಳಬೇಡಿ, ಮೋಸದಾಟ ತಡೆಯುವ ಆಂಟಿ ಚೀಟ್‌ನಿಂದಾಗಿ ಅದು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ.

ಮೇ ಕೊನೆಯೊಳಗೆ ಇದೆಲ್ಲ ಇಳಿಸಿಟ್ಟುಕೊಳ್ಳಿ. ಆಮೇಲೆ ಒಂದು ಸಂಜೆ ರೂಟರ್ ಆಫ್ ಮಾಡಿ, ಒಂದೊಂದೇ ಗೇಮ್ ತೆರೆದು ನೋಡಿ. ತೆರೆಯದ್ದನ್ನು ತೆಗೆದು ಆ ಜಾಗಕ್ಕೆ ಬೇರೆ ಹಾಕಿ, ಇನ್ನೂ ನೆಟ್ ಇರುವಾಗಲೇ.