ಕಥೆ ಹೇಳೋದನ್ನು ಕಲಿಸೋಕಾಗುತ್ತಾ?

ಯಾರಾದರೂ ಚೆನ್ನಾಗಿ ಕಥೆ ಹೇಳಿದರೆ ಸಾಕು, "ಅದೆಲ್ಲ ಹುಟ್ಟಿನಿಂದ ಬರಬೇಕು ಬಿಡಿ" ಅನ್ನುವವರು ಪಕ್ಕದಲ್ಲೇ ಇರುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಸಂಗೀತ ಕಲಿಯೋಕೆ ದಿನಾ ಕೂತು ಸ್ವರಾಭ್ಯಾಸ ಮಾಡಬೇಕು ಅಂದರೆ ಎಲ್ಲರೂ ಒಪ್ಪುತ್ತಾರೆ, ಕಥೆಗೆ ಮಾತ್ರ ಅಭ್ಯಾಸ ಬೇಡವಾ? ಒಬ್ಬರ ದನಿ ಚೆನ್ನಾಗಿರುತ್ತದೆ, ಇನ್ನೊಬ್ಬರದು ಅಷ್ಟಕ್ಕಷ್ಟೇ, ಸರಿ. ಆದರೆ ಕೇಳುವವರು ಮುಂದೇನು ಅಂತ ಕಾಯಬೇಕಾದರೆ ದನಿಗಿಂತ ಜಾಸ್ತಿ ಬೇಕಾಗಿರೋದು ಒಂದೇ ಜಾಣತನ: ಯಾವ ವಿಷಯವನ್ನು ಯಾವಾಗ ಹೇಳಬೇಕು, ಯಾವುದನ್ನು ತಡೆದಿಟ್ಟುಕೊಳ್ಳಬೇಕು ಅನ್ನೋದು. ಅದನ್ನು ಕಲಿಯಬಹುದು.

ಕಲಿಸುವ ಪ್ರಯತ್ನವೂ ಹೊಸದಲ್ಲ. ಕಥೆಗೆ ಮೊದಲು, ನಡು, ಕೊನೆ ಇರಬೇಕು ಅಂತ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಹೇಳಿದ್ದಾನೆ. ನಾಟ್ಯಶಾಸ್ತ್ರದಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಅಂತ ಐದು ಸಂಧಿಗಳಿವೆ, ಅಂದರೆ ಕಥೆ ಸಾಗುವ ಐದು ಘಟ್ಟಗಳು. 1928ರಲ್ಲಿ ರಷ್ಯಾದ ಜನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ಸುಮಾರು ನೂರು ಜನಪದ ಕಥೆಗಳನ್ನು ಬಿಡಿಸಿ ನೋಡಿದರು. ಪಾತ್ರಗಳು ಯಾರೇ ಇರಲಿ, ಅವು ಮಾಡುವ ಕೆಲಸಗಳು 31 ಬಗೆ ಅಷ್ಟೇ, ಬರುವ ಕ್ರಮವೂ ಹೆಚ್ಚುಕಮ್ಮಿ ಒಂದೇ ಅಂತ ತೋರಿಸಿದರು. ಓದೋಕೆ ಮಜಾ ಇದೆ. ಆದರೂ ಹೊಸಬರ ಕೈಗೆ ಇದನ್ನು ಮೊದಲು ಕೊಡಬಾರದು ಅಂತ ನನಗನ್ನಿಸುತ್ತದೆ. ಇವೆಲ್ಲ ಮುಗಿದ ಕಥೆ ಹೇಗೆ ಕಾಣುತ್ತದೆ ಅಂತ ಹೇಳುತ್ತವೆ. ಎದುರಿಗೆ ನಾಲ್ಕು ಜನ ಕೂತಿದ್ದಾಗ ಬಾಯಿಂದ ಮುಂದಿನ ಮಾತು ಯಾವುದು ಬರಬೇಕು ಅಂತ ಹೇಳುವುದಿಲ್ಲ.

ನನ್ನ ಕೇಳಿದರೆ ಮೊದಲ ಪಾಠ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ ಬಾಂಬಿನ ಉದಾಹರಣೆ. ಮೇಜಿನ ಸುತ್ತ ಕೂತು ಜನ ಸುಮ್ನೆ ಹರಟುತ್ತಿದ್ದಾರೆ, ಇದ್ದಕ್ಕಿದ್ದಂತೆ ಬಾಂಬ್ ಸಿಡಿಯುತ್ತದೆ. ನೋಡುವವರು ಬೆಚ್ಚಿಬೀಳುತ್ತಾರೆ, ಆದರೆ ಅದು ಹದಿನೈದು ಸೆಕೆಂಡಿನ ಮಾತು. ಅದೇ ಮೇಜಿನ ಕೆಳಗೆ ಬಾಂಬ್ ಇದೆ, ಒಂದು ಗಂಟೆಗೆ ಸಿಡಿಯುತ್ತದೆ, ಈಗ ಹನ್ನೆರಡೂ ಮುಕ್ಕಾಲು ಅಂತ ನೋಡುವವರಿಗೆ ಮೊದಲೇ ಗೊತ್ತಿದ್ದರೆ? ಅದೇ ಒಣ ಹರಟೆಯನ್ನು ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಾರೆ. ಘಟನೆ ಬದಲಾಗಿಲ್ಲ, ಸಂಭಾಷಣೆಯೂ ಬದಲಾಗಿಲ್ಲ. ಯಾರಿಗೆ ಏನು ಯಾವಾಗ ಗೊತ್ತು ಅನ್ನೋದಷ್ಟೇ ಬದಲಾಗಿದೆ.

ಇದನ್ನು ಇವತ್ತೇ ಮಾಡಿ ನೋಡಬಹುದು. ಒಬ್ಬನ ಬೀಗದ ಕೈ ಕಳೆದುಹೋದಂಥ ಸಣ್ಣ ಘಟನೆ ಸಾಕು. ಒಂದು ಸಲ, ಬೀಗದ ಕೈ ಅವನ ಜೇಬಿನಲ್ಲೇ ಇತ್ತು ಅನ್ನೋದನ್ನು ಕೊನೆವರೆಗೂ ಮುಚ್ಚಿಟ್ಟು ಹೇಳಿ. ಇನ್ನೊಂದು ಸಲ ಮೊದಲ ಸಾಲಿನಲ್ಲೇ ಹೇಳಿಬಿಡಿ, ಆಮೇಲೆ ಅವನು ಮನೆಯವರ ಮೇಲೆಲ್ಲ ರೇಗುತ್ತಾ ಮಂಚದ ಕೆಳಗೆ ತೂರಿ ಹುಡುಕುವುದನ್ನು ವರ್ಣಿಸಿ. ಮೊದಲನೆಯದರಲ್ಲಿ ಕೊನೆಗೆ ಒಂದು ನಗು. ಎರಡನೆಯದರಲ್ಲಿ ಉದ್ದಕ್ಕೂ ನಗು. ಯಾವುದು ಒಳ್ಳೆಯದು ಅಂತಲ್ಲ, ಎರಡೂ ನಿಮ್ಮ ಕೈಯಲ್ಲಿದೆ ಅಂತ ಗೊತ್ತಾಗಬೇಕು ಅಲ್ವಾ?

ಅರಿಸ್ಟಾಟಲ್‌ನದೇ ಇನ್ನೊಂದು ಮಾತು ನನಗೆ ಮೊದಲು-ನಡು-ಕೊನೆಗಿಂತ ಉಪಯೋಗಕ್ಕೆ ಬರುತ್ತದೆ. ಒಂದು ಘಟನೆ ತೆಗೆದರೂ ಕಥೆಗೆ ಏನೂ ಆಗದಿದ್ದರೆ ಅದು ಕಥೆಯ ಭಾಗವೇ ಅಲ್ಲ. ಪ್ರವಾಸದ ಕಥೆ ಹೇಳುವವರು ಕೇಳುವವರನ್ನು ಸುಸ್ತು ಮಾಡೋದು ಇಲ್ಲೇ, ಇಂಥ ಬೇಡದ ಘಟನೆಗಳನ್ನೂ ಬಿಡದೆ ಹೇಳಿ.

ಇನ್ನು ಅಭ್ಯಾಸದ ವಿಷಯ. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದಲ್ಲಿ ತಿರುಗಾಡಿ, ದೊಡ್ಡ ದೊಡ್ಡ ಕಥನಗೀತೆ ಹಾಡುವವರನ್ನು ರೆಕಾರ್ಡ್ ಮಾಡಿಕೊಂಡರು. ಈ ಹಾಡುಗಾರರು ಕಲಿತ ದಾರಿಯನ್ನು ಲಾರ್ಡ್ ಬರೆದಿಟ್ಟಿದ್ದಾರೆ. ಮೊದಲು ವರ್ಷಗಟ್ಟಲೆ ಸುಮ್ಮನೆ ಕೂತು ಕೇಳೋದು. ಆಮೇಲೆ ಒಬ್ಬರೇ ಹಾಡಿ ನೋಡೋದು. ಕೊನೆಗೆ ತಪ್ಪು ಹಿಡಿಯುವ ಜನರ ಮುಂದೆ ಹಾಡೋದು. ಶಬ್ದಶಃ ಬಾಯಿಪಾಠ ಮಾಡುತ್ತಿರಲಿಲ್ಲ, ಪ್ರತಿ ಸಲವೂ ಕಟ್ಟಿಕೊಂಡೇ ಹಾಡುತ್ತಿದ್ದರು. ಅವ್ದೊ ಮೆಜೆದೊವಿಚ್ ಅನ್ನುವ ಹಾಡುಗಾರನಿಗೆ ಪ್ಯಾರಿ ಒಂದು ಪರೀಕ್ಷೆ ಇಟ್ಟರು. ಅವ್ದೊ ಹಿಂದೆಂದೂ ಕೇಳಿರದ ಹಾಡನ್ನು ಇನ್ನೊಬ್ಬರಿಂದ ಅವನ ಎದುರೇ ಹಾಡಿಸಿದರು, ಸುಮಾರು 2,300 ಸಾಲು. ನೀನೂ ಹಾಡ್ತೀಯಾ ಅಂತ ಕೇಳಿದರೆ ಅವನು ಅದೇ ಕಥೆಯನ್ನು ಸುಮಾರು 6,300 ಸಾಲಿಗೆ ಹಾಡಿದ! ಕಥೆ ಅದೇ. ಬೆಳೆದದ್ದು ವರ್ಣನೆ, ಸಂದರ್ಭದ ವಿವರ, ಪಾತ್ರಗಳ ಒಳಗಿನ ತಳಮಳ. ಪ್ರತಿಭೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಪ್ರತಿಭೆಯ ಹಿಂದೆ ಎಷ್ಟೊಂದು ಕೇಳಿಸಿಕೊಂಡ ಕಥೆಗಳಿದ್ದವು, ಎಷ್ಟು ಜನರ ಮುಂದೆ ಹೇಳಿದ ಅಭ್ಯಾಸವಿತ್ತು ಅನ್ನೋದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅದಕ್ಕೇ ಹೊಸಬರು ಹತ್ತು ಕಥೆ ಬರೆಯೋದಕ್ಕಿಂತ ಒಂದೇ ಕಥೆಯನ್ನು ಬೇರೆ ಬೇರೆಯವರಿಗೆ ಬಾಯಲ್ಲಿ ಹೇಳೋದು ಲೇಸು ಅನ್ನೋದು ನನ್ನ ವಾದ. ಎಲ್ಲಿ ಅವರ ಕಣ್ಣು ಮೊಬೈಲಿನ ಕಡೆ ಹೋಯಿತು ಅಂತ ಗಮನಿಸಿ. ಇನ್ನೂ ಒಳ್ಳೆ ಉಪಾಯ, ಒಂದೆರಡು ದಿನ ಬಿಟ್ಟು ಅವರಿಂದಲೇ ಕಥೆ ವಾಪಸ್ ಹೇಳಿಸಿ. ಅವರು ಬಿಟ್ಟುಬಿಟ್ಟ ಭಾಗ ಬಹುಶಃ ಬೇಕಾಗಿರಲೇ ಇಲ್ಲ. ಅವರು ತಾವಾಗಿ ಸೇರಿಸಿದ ಕಾರಣಗಳನ್ನಂತೂ ತಪ್ಪದೆ ಬರೆದಿಟ್ಟುಕೊಳ್ಳಿ, ಯಾಕೆಂದರೆ ನಿಮ್ಮ ಕಥೆಯಲ್ಲಿ ಸಂಬಂಧ ಕಡಿದುಹೋಗಿರೋದು ಅಲ್ಲೇ.