ಮಡ್ ಆಟಕ್ಕೆ ಹೊಸಬರಾ? ಮೊದಲು ಓದಿ, ಆಮೇಲೆ ಟೈಪ್ ಮಾಡಿ

ಪುನರ್ವಸು ಮಳೆ ಹಿಡಿಯಿತೆಂದರೆ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಕರೆಂಟಿಗೆ ಹೊತ್ತುಗೊತ್ತಿರುವುದಿಲ್ಲ. ಟವರಿನ ಬ್ಯಾಟರಿ ಇಳಿದ ಮೇಲೆ ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ ಉಳಿದರೆ ಅದೇ ಹೆಚ್ಚು. ವಿಡಿಯೊ ಸುತ್ತುತ್ತಲೇ ಇರುತ್ತದೆ, ಗ್ರಾಫಿಕ್ಸ್ ಇರುವ ಆನ್‌ಲೈನ್ ಆಟ ತೆರೆದುಕೊಳ್ಳುವುದೇ ಇಲ್ಲ. ಅಂಥ ನೆಟ್‌ನಲ್ಲೂ ಆಡಬಹುದಾದದ್ದು ಮಡ್. ಬರೀ ಅಕ್ಷರಗಳ ಆಟ, ಆದರೆ ಒಂದೇ ಲೋಕದಲ್ಲಿ ಏಕಕಾಲಕ್ಕೆ ಹತ್ತಾರು, ನೂರಾರು ಜನ ಓಡಾಡುತ್ತಿರುತ್ತಾರೆ. ಒಂದು ಜಾಗದ ಪೂರ್ತಿ ವಿವರಣೆ ಇಳಿದರೂ ಒಂದೆರಡು ಕಿಲೋಬೈಟ್ ಅಷ್ಟೇ.

ಹೊಸಬರು ಈ ಆಟ ಬಿಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಪರದೆಯ ಮೇಲೆ ಬಂದದ್ದನ್ನು ಓದುವ ಮೊದಲೇ ಮುಂದಿನ ಕಮ್ಯಾಂಡ್ ಒತ್ತುತ್ತಾರೆ. ಹತ್ತು ಹೆಜ್ಜೆ ಹೋದ ಮೇಲೆ ಎಲ್ಲಿದ್ದೇವೆಂದು ತಿಳಿಯುವುದಿಲ್ಲ, ಯಾವುದೋ ಪ್ರಾಣಿಯ ಬಾಯಿಗೆ ಬೀಳುತ್ತಾರೆ, ಸಾಮಾನೆಲ್ಲ ಹೆಣದ ಜೊತೆ ಅಲ್ಲೇ ಉಳಿಯುತ್ತದೆ. ನಿಧಾನಕ್ಕೆ ಓದುವ ಅಭ್ಯಾಸ ಒಂದಿದ್ದರೆ ಮೊದಲ ವಾರದ ಮುಕ್ಕಾಲು ಪಾಲು ತೊಂದರೆ ಬರುವುದೇ ಇಲ್ಲ.

ಶುರು ಮಾಡುವ ಮೊದಲು ಒಂದು ಮಾತು. ಕೆಳಗೆ ಕಮ್ಯಾಂಡ್‌ಗಳನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ, ಆಟದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕನ್ನಡ ಕೀಬೋರ್ಡ್ ಆನ್ ಆಗಿದ್ದರೆ ಬಹುತೇಕ ಆಟಗಳಿಗೆ ಅರ್ಥವಾಗುವುದಿಲ್ಲ. ಫೋನಿನಲ್ಲಿ ಆಡುವವರು ಆಟೋಕರೆಕ್ಟ್ ಆಫ್ ಮಾಡಿಕೊಳ್ಳಿ. ಧರಿಸಿದ ಸಾಮಾನು ನೋಡಲು ಒತ್ತುವ ‘ಇಕ್ಯು’ ಎಂಬ ಎರಡಕ್ಷರವನ್ನು ಅದು ಬೇರೇನೋ ಮಾಡಿ ಕಳಿಸುತ್ತದೆ.

ಮೊದಲ ಮಡ್ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. ರಾಯ್ ಟ್ರಬ್‌ಷಾ ಬರೆದರು, ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಆದರೆ ಇವತ್ತು ಆಡಲು ಕೂರುವವರಿಗೆ ಹೆಚ್ಚು ಗೊತ್ತಿರಬೇಕಾದ ಹೆಸರು ಡಿಕುಮಡ್. 1990ರ ಆಸುಪಾಸಿನಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದದ್ದು. ಮರ್ಕ್, ರಾಮ್, ಸರ್ಕಲ್ ಎಂಬ ಕೋಡ್‌ಗಳೆಲ್ಲ, ಎಂದರೆ ಹೊಸ ಆಟ ಕಟ್ಟಲು ಬಳಸುವ ತಯಾರು ಪ್ರೋಗ್ರಾಮ್‌ಗಳೆಲ್ಲ, ಅದರ ಸಂತಾನ. ಹಾಗಾಗಿ ಈ ಕುಟುಂಬದ ಒಂದು ಆಟದಲ್ಲಿ ಕಲಿತದ್ದು ಇನ್ನೊಂದರಲ್ಲಿ ಬಹುಪಾಲು ನಡೆಯುತ್ತದೆ.

ಹೊಸಬರಿಗೆ ನನ್ನ ಆಯ್ಕೆ ಆರ್ಡ್‌ವುಲ್ಫ್. ಅದೂ ಇದೇ ಕುಟುಂಬದ್ದು. ಹೊಸಬರಿಗೆಂದೇ ಒಂದು ಅಕಾಡೆಮಿ ಇದೆ, ಅಲ್ಲಿ ನಡೆಯುವುದು, ಧರಿಸುವುದು, ಹೊಡೆಯುವುದು ಎಲ್ಲವನ್ನೂ ಒಂದೊಂದಾಗಿ ಮಾಡಿಸುತ್ತಾರೆ. ಓದುವ ಹುಚ್ಚು ಇರುವವರಿಗೆ ಡಿಸ್ಕ್‌ವರ್ಲ್ಡ್ ಚೆನ್ನ, ಟೆರ್ರಿ ಪ್ರ್ಯಾಚೆಟ್ ಕಾದಂಬರಿಗಳ ಲೋಕ ಅದು. ಅಕೇಯ ಬ್ರೌಸರಿನಲ್ಲೇ ತೆರೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಅಲ್ಲಿ ಆಟಗಾರರ ನಡುವಿನ ಜಗಳ ಸೆಕೆಂಡಿನ ಭಾಗಗಳ ಲೆಕ್ಕದಲ್ಲಿ ನಡೆಯುವುದರಿಂದ ಮಲೆನಾಡಿನ ನೆಟ್‌ಗೆ ಅದು ಕಷ್ಟ. ಡಿಕು ಕುಟುಂಬದಲ್ಲಿ ಹೊಡೆದಾಟದ ಒಂದು ಸುತ್ತಿಗೆ ಎರಡು ಮೂರು ಸೆಕೆಂಡ್ ಇರುತ್ತದೆ. ಅಮೆರಿಕದ ಸರ್ವರಿಗೆ ಇಲ್ಲಿಂದ ಹೋಗಿ ಬರಲು ಕಾಲು ಸೆಕೆಂಡ್ ಹಿಡಿದರೂ ವ್ಯತ್ಯಾಸವಾಗುವುದಿಲ್ಲ.

ಕಂಪ್ಯೂಟರ್ ಇದ್ದರೆ ಮಡ್ಲೆಟ್ ಹಾಕಿಕೊಳ್ಳಿ, ಮಡ್ ಆಡಲೆಂದೇ ಇರುವ ಸಾಫ್ಟ್‌ವೇರ್ ಅದು. ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸಿಗುತ್ತದೆ. ತೆರೆದ ಕೂಡಲೇ ಬರುವ ಪಟ್ಟಿಯಲ್ಲಿ ಆರ್ಡ್‌ವುಲ್ಫ್, ಅಕೇಯ ಮುಂತಾದವು ಮೊದಲೇ ಇರುತ್ತವೆ, ಒತ್ತಿದರೆ ಸಾಕು. ಪಟ್ಟಿಯಲ್ಲಿಲ್ಲದ ಆಟಕ್ಕೆ ಹೊಸ ಪ್ರೊಫೈಲ್ ಮಾಡಿ ಸರ್ವರ್ ವಿಳಾಸ ಮತ್ತು ಪೋರ್ಟ್ ನಂಬರ್ ಕೊಡಬೇಕು. ಆರ್ಡ್‌ವುಲ್ಫ್‌ಗೆ ವಿಳಾಸ ಆರ್ಡ್‌ಮಡ್ ಡಾಟ್ ಆರ್ಗ್, ಪೋರ್ಟ್ 4000. ಆಂಡ್ರಾಯ್ಡ್‌ನಲ್ಲಾದರೆ ಟರ್ಮಕ್ಸ್ ಎಂಬ, ಕಮ್ಯಾಂಡ್ ಟೈಪ್ ಮಾಡುವ ಆ್ಯಪ್ ಹಾಕಿ, ಅದರೊಳಗೆ ಮಡ್ ಆಡುವ ಪ್ರೋಗ್ರಾಮ್ ಆದ ಟಿನ್‌ಟಿನ್ ಪ್ಲಸ್‌ಪ್ಲಸ್ ಇನ್‌ಸ್ಟಾಲ್ ಮಾಡಿ. ಆಮೇಲೆ ಹ್ಯಾಶ್ ಗುರುತು ಸೇರಿಸಿ ‘ಸೆಷನ್’, ನಿಮಗಿಷ್ಟವಾದ ಅಡ್ಡಹೆಸರು, ವಿಳಾಸ, ಪೋರ್ಟ್, ಇಷ್ಟನ್ನು ನಡುವೆ ಒಂದೊಂದು ಜಾಗ ಬಿಟ್ಟು ಬರೆದರೆ ಒಳಗೆ ಹೋಗುತ್ತೀರಿ. ಮಾಮೂಲಿ ಟೆಲ್‌ನೆಟ್ ಸಂಪರ್ಕದಲ್ಲಿ ಪಾಸ್‌ವರ್ಡ್ ಮುಚ್ಚಿಟ್ಟುಕೊಂಡು ಹೋಗುವುದಿಲ್ಲ, ಬರೆದಂತೆಯೇ ಸಾಗುತ್ತದೆ. ಜಿಮೇಲ್‌ದೋ ಬ್ಯಾಂಕಿನದೋ ಪಾಸ್‌ವರ್ಡನ್ನು ಇಲ್ಲಿ ಕೊಡಲೇಬೇಡಿ.

ಹೆಸರು ಚಿಕ್ಕದಿರಲಿ. ಬೇರೆಯವರು ನಿಮ್ಮನ್ನು ಮಾತಾಡಿಸಲು, ಗಾಯ ವಾಸಿ ಮಾಡಲು ಅದನ್ನೇ ಟೈಪ್ ಮಾಡಬೇಕು. ರಾಮ್ ಬಗೆಯ ಆಟಗಳಲ್ಲಿ 12 ಅಕ್ಷರ ದಾಟುವಂತಿಲ್ಲ. ವರ್ಗ ಕೇಳಿದರೆ ಮೊದಲ ಸಲ ಯೋಧನನ್ನೇ ಆರಿಸಿಕೊಳ್ಳಿ. ಮಂತ್ರವಾದಿಗೆ ಜೀವಬಲ ಕಡಿಮೆ, ನೆನಪಿಡಬೇಕಾದ ಕಮ್ಯಾಂಡ್ ಹೆಚ್ಚು.

ಒಳಗೆ ಹೋದ ಮೇಲೆ ಪರದೆಯಲ್ಲಿ ಬರುವುದು ಇಂಗ್ಲಿಷಿನಲ್ಲಿರುತ್ತದೆ. ಅದರ ರೂಪ ಹೀಗಿರುತ್ತದೆ ಎನ್ನಿ:

ಹಳೇ ಸೇತುವೆಯ ಕೆಳಗೆ
ನೆಲವೆಲ್ಲ ಕೆಸರು. ಕಲ್ಲುಗೋಡೆಯ ಮೇಲೆ ಯಾರೋ ಕೆತ್ತಿದ ಗುರುತುಗಳಿವೆ. ಪೂರ್ವದಿಂದ ಕೊಳೆತ ಮಾಂಸದ ವಾಸನೆ ಬರುತ್ತಿದೆ.
ದಾರಿಗಳು: ಉತ್ತರ, ಪೂರ್ವ, ಕೆಳಗೆ
ತುಕ್ಕು ಹಿಡಿದ ಕತ್ತಿಯೊಂದು ಇಲ್ಲಿ ಬಿದ್ದಿದೆ.
ಸುಸ್ತಾದ ಕಾವಲುಗಾರನೊಬ್ಬ ಗೋಡೆಗೆ ಒರಗಿ ನಿಂತಿದ್ದಾನೆ.
20 ಎಚ್‌ಪಿ, 100 ಮಾನಾ, 88 ಮೂವ್

ಏಳೆಂಟು ಸಾಲು ಅಷ್ಟೇ, ಆದರೆ ಪ್ರತಿಯೊಂದೂ ಏನೋ ಹೇಳುತ್ತಿದೆ. ಕೆತ್ತಿದ ಗುರುತು ಎಂದು ಬರೆದಿದ್ದಾರೆಂದರೆ ‘ಲುಕ್’ ಜೊತೆ ಆ ಪದ ಸೇರಿಸಿ ನೋಡಿ, ಸುಳಿವು ಸಿಗಬಹುದು. ಪೂರ್ವದ ವಾಸನೆ ಸುಮ್ಮನೆ ಅಲಂಕಾರಕ್ಕೆ ಇಟ್ಟದ್ದಲ್ಲ, ಕಂಡ ಕೂಡಲೇ ಮೈಮೇಲೆ ಬೀಳುವ ಪ್ರಾಣಿ ಆ ಕಡೆ ಇದೆ ಎಂದು ಕಟ್ಟಿದವರು ಎಚ್ಚರಿಸುತ್ತಿದ್ದಾರೆ. ದಾರಿಗಳ ಸಾಲನ್ನೂ ಪೂರ್ತಿ ನಂಬಬಾರದು. ಮುಚ್ಚಿದ ಬಾಗಿಲನ್ನು ಕೆಲವು ಆಟಗಳು ಕಂಸದೊಳಗೆ ತೋರಿಸುತ್ತವೆ, ಕೆಲವು ತೋರಿಸುವುದೇ ಇಲ್ಲ, ವಿವರಣೆಯಲ್ಲಿ ಮಾತ್ರ ಅದರ ಸುದ್ದಿ ಇರುತ್ತದೆ. ಕೊನೆಯ ಸಾಲು ನಿಮ್ಮ ಸ್ಥಿತಿ. ಎಚ್‌ಪಿ ಜೀವಬಲ, ಮಾನಾ ಮಂತ್ರಬಲ, ಮೂವ್ ನಡೆಯುವ ಶಕ್ತಿ. ಮೂವ್ ಸೊನ್ನೆಯಾದರೆ ಕಾಲು ಏಳುವುದಿಲ್ಲ.

ಕಾವಲುಗಾರನನ್ನು ಮಾತಾಡಿಸಲೋ ಹೊಡೆಯಲೋ ಅವನ ಗುರುತುಪದ ಬೇಕು. ಸಾಮಾನ್ಯವಾಗಿ ಅದು ಸಾಲಿನಲ್ಲಿ ಕಾಣುವ ನಾಮಪದವೇ. ಕೆಲವೊಮ್ಮೆ ಅಲ್ಲ, ಆಗ ವಿಶೇಷಣವನ್ನು ಹಾಕಿ ನೋಡಬೇಕು. ಇಬ್ಬರು ಕಾವಲುಗಾರರಿದ್ದರೆ ಎರಡನೆಯವನಿಗೆ 2, ಚುಕ್ಕಿ, ಆಮೇಲೆ ‘ಗಾರ್ಡ್’.

ದಿಕ್ಕಿಗೆ ಒಂದೊಂದೇ ಅಕ್ಷರ ಸಾಕು: ಎನ್, ಎಸ್, ಇ, ಡಬ್ಲ್ಯು, ಮೇಲಕ್ಕೆ ಯು, ಕೆಳಕ್ಕೆ ಡಿ. ಮತ್ತೆ ನೋಡಲು ಎಲ್, ಕೈಯಲ್ಲಿರುವ ಸಾಮಾನಿಗೆ ಐ, ಅಂಕಪಟ್ಟಿಗೆ ‘ಸ್ಕೋರ್’. ಪೂರ್ವಕ್ಕೆ ಹೋಗಿ ಪಶ್ಚಿಮಕ್ಕೆ ಬಂದರೆ ಹೊರಟಲ್ಲಿಗೇ ಬರುತ್ತೇವೆಂಬ ಖಾತ್ರಿ ಎಲ್ಲ ಕಡೆ ಇಲ್ಲ. ಕಾಫಿ ತೋಟದ ಒಳರಸ್ತೆ ಹೇಗೆ ಗೇಟಿನಲ್ಲಿ ಒಂದು ದಿಕ್ಕಿಗೆ ಹೊರಟು ಗುಡ್ಡ ಬಳಸಿ ಇನ್ನೊಂದು ದಿಕ್ಕಿನಿಂದ ಕಣದ ಹತ್ತಿರ ಬರುತ್ತದೋ ಹಾಗೆ. ಮಡ್ಲೆಟ್‌ನಲ್ಲಿ ನಕ್ಷೆ ಬಿಡಿಸುವ ಸೌಲಭ್ಯ ಇದೆ. ಆರ್ಡ್‌ವುಲ್ಫ್, ಅಕೇಯದಂಥ ಆಟಗಳು ಪ್ರತಿ ಕೋಣೆಯ (ಮಡ್‌ನಲ್ಲಿ ಒಂದೊಂದು ಜಾಗಕ್ಕೂ ಕೋಣೆ ಎನ್ನುತ್ತಾರೆ) ನಂಬರನ್ನೂ ಒಳಗಿಂದೊಳಗೆ ಕಳಿಸುವುದರಿಂದ ಅಲ್ಲಿ ನಕ್ಷೆ ತಪ್ಪುವುದಿಲ್ಲ. ನಂಬರ್ ಕಳಿಸದ ಆಟಗಳಿಗೆ ಚೌಕುಳಿ ಹಾಳೆ ಮತ್ತು ಪೆನ್ಸಿಲ್ಲೇ ಗತಿ. ಪೂರ್ತಿ ಕಂಗಾಲಾದರೆ ‘ರೀಕಾಲ್’ ಎಂದು ಒತ್ತಿ, ಡಿಕು ಕುಟುಂಬದ ಹೆಚ್ಚಿನ ಆಟಗಳಲ್ಲಿ ಊರಿನ ನಡುವಿಗೆ ತಂದು ಬಿಡುತ್ತದೆ.

ಹೊಡೆದಾಟಕ್ಕೆ ಇಳಿಯುವ ಮುಂಚೆ ಕೈಯಲ್ಲಿರುವುದನ್ನು ‘ವೇರ್ ಆಲ್’ ಎಂದು ಧರಿಸಿ. ಎತ್ತಿಕೊಂಡ ಕತ್ತಿ ಚೀಲದಲ್ಲೇ ಇದ್ದರೆ ಉಪಯೋಗವಿಲ್ಲ. ಆಮೇಲೆ ‘ಕನ್ಸಿಡರ್’. ಎದುರಾಳಿ ನಿಮಗಿಂತ ಎಷ್ಟು ಬಲಶಾಲಿ ಎಂದು ಒಂದು ಸಾಲಿನಲ್ಲಿ ಹೇಳುತ್ತದೆ. ರಾಮ್ ಆಟಗಳಲ್ಲಿ ‘ಪರ್ಫೆಕ್ಟ್ ಮ್ಯಾಚ್’ ಎಂದು ಬಂದರೆ ಹೆಚ್ಚುಕಡಿಮೆ ನಿಮ್ಮದೇ ಲೆವೆಲ್, ‘ಈಸಿ ಕಿಲ್’ ಎಂದರೆ ನಿಮಗಿಂತ ಕೆಳಗೆ. ಮೊದಮೊದಲು ಈಸಿ ಕಿಲ್ ದಾಟಬೇಡಿ. ಇದಕ್ಕೊಂದು ಗಟ್ಟಿ ಕಾರಣವಿದೆ: ರಾಮ್‌ನ ಮೂಲ ಕೋಡ್‌ನಲ್ಲಿ ಕನ್ಸಿಡರ್ ನೋಡುವುದು ಇಬ್ಬರ ಲೆವೆಲ್‌ಗಳ ವ್ಯತ್ಯಾಸವನ್ನು ಮಾತ್ರ. ಎದುರಾಳಿಗೆ ಮಂತ್ರ ಬರುತ್ತದೆಯೇ, ಪಕ್ಕದಲ್ಲಿ ನಿಂತವರು ಅವನ ಸಹಾಯಕ್ಕೆ ಬರುತ್ತಾರೆಯೇ ಎಂಬುದು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕಾವಲುಗಾರ ಒಬ್ಬನೇ ಇದ್ದಾನೋ, ಜೊತೆಗಾರರಿದ್ದಾರೋ ಎಂದು ಕೋಣೆಯ ವಿವರಣೆ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ಗಾಯವಾದರೆ ನಿಂತುಕೊಂಡು ಕಾಯಬೇಡಿ, ‘ಸ್ಲೀಪ್’ ಮಾಡಿ. ರಾಮ್‌ನಲ್ಲಿ ಸುಮಾರು 60 ಸೆಕೆಂಡಿಗೊಂದು ಟಿಕ್. ಪ್ರತಿ ಟಿಕ್‌ಗೆ ಜೀವಬಲ ಏರುತ್ತದೆ, ಮಲಗಿದರೆ ‘ರೆಸ್ಟ್’ ಮಾಡಿದ್ದರ ಎರಡರಷ್ಟು, ನಿಂತದ್ದರ ನಾಲ್ಕರಷ್ಟು. ಹಸಿವಿದ್ದರೆ ಏರಿಕೆ ಅರ್ಧಕ್ಕಿಳಿಯುತ್ತದೆ, ಬಾಯಾರಿಕೆಯೂ ಇದ್ದರೆ ಇನ್ನೂ ಅರ್ಧ. ಎಷ್ಟು ಹೊತ್ತು ಮಲಗಿದರೂ ವಾಸಿಯಾಗುತ್ತಿಲ್ಲ ಎಂದು ಹೊಸಬರು ಆಟದೊಳಗಿನ ಮಾತುಕತೆಯ ಚಾನೆಲ್‌ನಲ್ಲಿ ಕೇಳುವುದಕ್ಕೆ ಸಾಮಾನ್ಯವಾಗಿ ಇದೇ ಉತ್ತರ. ಲೆವೆಲ್ ಏರಿದಾಗ ಸಿಗುವ ಪ್ರಾಕ್ಟೀಸ್‌ಗಳನ್ನು, ಎಂದರೆ ವಿದ್ಯೆ ಕಲಿಯಲು ಕೊಡುವ ಅಂಕಗಳನ್ನು, ಕೂಡಿಡುವುದೂ ತಪ್ಪು. ಗುರುವಿನ ಕೋಣೆಗೆ ಹೋಗಿ ಖರ್ಚು ಮಾಡಿದರೇ ಅವಕ್ಕೆ ಬೆಲೆ.

ಈಗ ನಮ್ಮ ಕಡೆಯವರಿಗೆ ಬಹಳ ಮುಖ್ಯವಾದದ್ದು, ಹೊಡೆದಾಟದ ನಡುವೆ ನೆಟ್ ಹೋದರೆ ಏನಾಗುತ್ತದೆ ಎಂಬುದು. ಕರೆಂಟು ಹೋಗಿ ರೂಟರ್ ಆಫ್ ಆದಾಗ ಸರ್ವರಿಗೆ ಯಾವ ಸುದ್ದಿಯೂ ಮುಟ್ಟುವುದಿಲ್ಲ. ಅದರ ಪಾಲಿಗೆ ನೀವು ಇನ್ನೂ ಕೂತೇ ಇದ್ದೀರಿ, ಏಟುಗಳು ಬೀಳುತ್ತಲೇ ಇರುತ್ತವೆ. ಸಂಪರ್ಕ ಸತ್ತಿದೆ ಎಂದು ಅದಕ್ಕೆ ತಿಳಿದ ಮೇಲೆ ರಾಮ್ ಕೋಡ್ ನಿಮ್ಮನ್ನು ತಾನಾಗಿಯೇ ರೀಕಾಲ್ ಮಾಡಿಸಲು ನೋಡುತ್ತದೆ. ತಿಳಿಯುವವರೆಗೆ ನಿಮ್ಮನ್ನು ಕಾಪಾಡುವುದು ‘ವಿಂಪಿ’ ಒಂದೇ. ಇಷ್ಟು ಎಚ್‌ಪಿಗೆ ಇಳಿದರೆ ಓಡಿಹೋಗು ಎಂದು ಮೊದಲೇ ಹೇಳಿಡುವ ಕಮ್ಯಾಂಡ್ ಅದು, ಸರ್ವರಿನಲ್ಲೇ ನಡೆಯುವುದರಿಂದ ನಿಮ್ಮ ನೆಟ್ ಬೇಕಾಗಿಲ್ಲ. ಸಂಖ್ಯೆ ಕೊಡದೆ ಒತ್ತಿದರೆ ಐದನೇ ಒಂದು ಭಾಗಕ್ಕೆ ನಿಲ್ಲುತ್ತದೆ, ಹೆಚ್ಚೆಂದರೆ ಅರ್ಧದವರೆಗೆ ಇಡಬಹುದು. ಮಳೆಗಾಲದಲ್ಲಿ ಅರ್ಧಕ್ಕೇ ಇಡಿ. 20 ಎಚ್‌ಪಿ ಇದ್ದಾಗ 4ಕ್ಕೆ ಓಡಲು ಹೇಳಿದರೆ ಒಂದೇ ಏಟಿಗೆ ಆ ಗಡಿ ದಾಟಿ ಸತ್ತಿರುತ್ತೀರಿ. ಲೆವೆಲ್ ಏರಿ ಎಚ್‌ಪಿ ಹೆಚ್ಚಾದ ಹಾಗೆ ಸಂಖ್ಯೆಯನ್ನೂ ಬದಲಿಸಬೇಕು, ತಾನಾಗಿ ಬದಲಾಗುವುದಿಲ್ಲ. ಓಡುವ ದಾರಿ ನಮ್ಮ ಆಯ್ಕೆಯಲ್ಲಿಲ್ಲ ಎಂಬುದೂ ನೆನಪಿರಲಿ. ಮೇಲಿನ ಸೇತುವೆಯ ಕೆಳಗೆ ಹೊಡೆದಾಡಿದರೆ ಆ ವಾಸನೆ ಬರುವ ಪೂರ್ವಕ್ಕೇ ಓಡಬಹುದು. ಅಂಥ ಜಾಗದಲ್ಲಿ ಜಗಳ ತೆಗೆಯದಿರುವುದೇ ಸರಿ.

ನೆಟ್ ಮರಳಿದ ಕೂಡಲೇ ಲಾಗಿನ್ ಆದರೆ ‘ಈ ಪಾತ್ರ ಈಗಾಗಲೇ ಆಡುತ್ತಿದೆ, ಆದರೂ ಸೇರಬೇಕೆ’ ಎಂಬ ಅರ್ಥದ ಪ್ರಶ್ನೆ ಬರಬಹುದು. ಯಾರೋ ಅಕೌಂಟ್ ಕದ್ದರೆಂದು ಹೆದರಿ ಎನ್ ಒತ್ತುವವರಿದ್ದಾರೆ. ಅಲ್ಲಿ ಆಡುತ್ತಿರುವುದು ನಿಮ್ಮದೇ ಹಳೆಯ ಸಂಪರ್ಕ, ವೈ ಒತ್ತಿ. ಸತ್ತೇ ಹೋಗಿದ್ದರೆ ಸಾಮಾನು ಹೆಣದ ಬಳಿ ಇರುತ್ತದೆ. ರಾಮ್‌ನಲ್ಲಿ ಆಟಗಾರರ ಹೆಣ 25ರಿಂದ 40 ಟಿಕ್ ಉಳಿಯುತ್ತದೆ, ಎಂದರೆ ಹೆಚ್ಚುಕಡಿಮೆ ಅಷ್ಟೇ ನಿಮಿಷ. ಗುಡುಗು ಕೇಳಿಸಿದಾಗಲೇ ಊರಿಗೆ ವಾಪಸ್ಸಾಗಿ ‘ಸೇವ್’ ಒತ್ತಿಟ್ಟರೆ ಇಷ್ಟೆಲ್ಲ ಪಾಡಿಲ್ಲ. ಸರ್ಕಲ್ ಬಗೆಯ ಕೆಲವು ಆಟಗಳಲ್ಲಿ ಇನ್ನೊಂದು ತೊಡಕಿದೆ. ಛತ್ರಕ್ಕೆ ಹೋಗಿ ‘ರೆಂಟ್’ ಮಾಡದೆ ‘ಕ್ವಿಟ್’ ಒತ್ತಿದರೆ ಮೈಮೇಲಿನದೆಲ್ಲ ಅಲ್ಲೇ ಬಿದ್ದುಹೋಗುತ್ತದೆ. ಹೊಸ ಆಟಕ್ಕೆ ಹೋದಾಗ ಮೊದಲು ಓದಬೇಕಾದ ಸಹಾಯ ಪುಟ ‘ಹೆಲ್ಪ್ ಕ್ವಿಟ್’.

ಸಹಾಯ ಕೇಳಲು ಹಿಂಜರಿಯಬೇಡಿ, ಇಂಗ್ಲಿಷ್ ಸರಳವಾಗಿದ್ದರೆ ಸಾಕು. ಹೇಗೆ ಆಡುವುದು ಎಂದು ಕೇಳಿದರೆ ಯಾರೂ ಉತ್ತರಿಸಲಾರರು. ಯಾವ ಲೆವೆಲ್, ಯಾವ ಕೋಣೆ, ಏನು ಟೈಪ್ ಮಾಡಿದಿರಿ, ಏನು ಬಂತು ಎಂದು ಹೇಳಿದರೆ ತಕ್ಷಣ ಹೇಳಿಕೊಡುತ್ತಾರೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 8 ಎಂದರೆ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 6.30, ಅವರ ಬೇಸಿಗೆಯಲ್ಲಿ 5.30. ಬೇಗ ಏಳುವವರಿಗೆ ಜೊತೆ ಹೆಚ್ಚು ಸಿಗುತ್ತದೆ.

ಕಣ್ಣು ಕಾಣದವರು ಎಲ್ಲರ ಜೊತೆ ಸರಿಸಮವಾಗಿ ಆಡಬಹುದಾದ ಆನ್‌ಲೈನ್ ಆಟಗಳಲ್ಲಿ ಮಡ್ ಮುಂಚೂಣಿಯಲ್ಲಿದೆ, ಈ ಒಂದು ಕಾರಣಕ್ಕೇ ಇದು ಇನ್ನಷ್ಟು ಜನರಿಗೆ ತಲುಪಬೇಕು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಮಡ್ಲೆಟ್ ಜೊತೆ ಕೆಲಸ ಮಾಡುತ್ತದೆ. ಆಲ್ಟರ್ ಏಯಾನ್ ಎಂಬ ಆಟದಲ್ಲಿ ಅಂಥ ಆಟಗಾರರು ಬಹಳಷ್ಟಿದ್ದಾರೆ, ಪೋರ್ಟ್ 3000. ಚುಕ್ಕಿ ಗೆರೆಗಳಲ್ಲಿ ಬಿಡಿಸಿದ ನಕ್ಷೆಗಳನ್ನು ಮೊದಲೇ ಆಫ್ ಮಾಡಿಸಿ, ಇಲ್ಲವಾದರೆ ಎನ್‌ವಿಡಿಎ ಅವನ್ನೂ ಒಂದೊಂದಾಗಿ ಓದುತ್ತಾ ಕೂರುತ್ತದೆ.

ಒಂದೆರಡು ವಾರದ ಮೇಲೆ ಅಲಿಯಾಸ್ (ಕಮ್ಯಾಂಡಿಗೆ ಇಡುವ ಚುಟುಕು ಹೆಸರು), ಟ್ರಿಗರ್ (ಒಂದು ಸಾಲು ಕಂಡ ಕೂಡಲೇ ತಾನಾಗಿ ನಡೆಯುವ ಕೆಲಸ) ಕಲಿಯಿರಿ. ಹೆಣದಿಂದ ಎಲ್ಲ ಎತ್ತಿಕೊಳ್ಳುವ ಉದ್ದ ಕಮ್ಯಾಂಡಿಗೆ ಎರಡಕ್ಷರದ ಅಲಿಯಾಸ್, ಹಸಿವಿನ ಸಾಲು ಬಂದರೆ ಬಣ್ಣ ಬದಲಿಸುವ ಟ್ರಿಗರ್, ಇಂಥವು ಸರಿ. ಕುರ್ಚಿಯಲ್ಲಿ ಯಾರೂ ಇಲ್ಲದೆ ಪಾತ್ರ ತಾನೇ ಆಡುವ ಹಾಗೆ ಬರೆದರೆ ಹೆಚ್ಚಿನ ಆಟಗಳಲ್ಲಿ ಹೊರಗೆ ಹಾಕುತ್ತಾರೆ. ಹಾಸನದ ಹಾಸ್ಟೆಲ್‌ಗಳಲ್ಲಿ ಒಂದೇ ವೈಫೈನಿಂದ ಮೂರು ನಾಲ್ಕು ಜನ ಸೇರಿದರೆ ಎಲ್ಲರ ಐಪಿ ವಿಳಾಸ ಒಂದೇ ಕಾಣುತ್ತದೆ, ಒಬ್ಬರೇ ನಾಲ್ಕು ಪಾತ್ರ ಓಡಿಸುತ್ತಿದ್ದಾರೆಂಬ ಅನುಮಾನ ಬರುತ್ತದೆ. ಮೊದಲ ದಿನವೇ ಆಟದ ನಿರ್ವಾಹಕರಿಗೆ ಎಲ್ಲರ ಪಾತ್ರಗಳ ಹೆಸರು ಬರೆದು, ಬೇರೆ ಬೇರೆ ಜನ ಒಂದೇ ಸಂಪರ್ಕ ಬಳಸುತ್ತಿದ್ದೇವೆ ಎಂದು ತಿಳಿಸಿಡಿ.