ಶುರುವಿನ ಸಂಬಳ ಒಂದೇ, ಆಮೇಲೆ?

ಇಂಗ್ಲೆಂಡಿನಲ್ಲಿ ನರ್ಸ್ ಅಂದರೆ ಕೈತುಂಬಾ ಸಂಬಳ ಅಂತ ಊರಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲ, ನಿಜ. ಆದರೆ ಇಲ್ಲಿನ ಪೊಲೀಸ್ ಕಾನ್‌ಸ್ಟೆಬಲ್ ಸಂಬಳವನ್ನು ಪಕ್ಕದಲ್ಲಿಟ್ಟು ನೋಡಿದರೆ ಬೇಜಾರಾಗುತ್ತದೆ.

ರಾತ್ರಿ ಪಾಳಿಯಲ್ಲಿ ನಮಗೆ ಪೊಲೀಸರ ಮುಖ ಪರಿಚಯ ಚೆನ್ನಾಗಿದೆ. ಕುಡಿದು ಬಿದ್ದವರನ್ನೋ, ಜೀವ ಕಳೆದುಕೊಳ್ಳಲು ಹೊರಟವರನ್ನೋ ಎಮರ್ಜೆನ್ಸಿಗೆ ಕರೆತಂದು ಗಂಟೆಗಟ್ಟಲೆ ಜೊತೆಗೆ ಕೂರುತ್ತಾರೆ. ಮಂಚದ ಆ ಕಡೆ ಕಾನ್‌ಸ್ಟೆಬಲ್, ಈ ಕಡೆ ನಾನು. ಬೈಗುಳ ಇಬ್ಬರಿಗೂ ಬೀಳುತ್ತದೆ, ಒದೆತವೂ ಅಷ್ಟೇ.

2024ರ ಏರಿಕೆಯ ನಂತರ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹೊಸ ನರ್ಸ್, ಅಂದರೆ ಬ್ಯಾಂಡ್ 5 ಎಂಬ ಸಂಬಳ ಶ್ರೇಣಿಯವಳು, ವರ್ಷಕ್ಕೆ 29,970 ಪೌಂಡ್‌ನಿಂದ ಶುರು ಮಾಡುತ್ತಿದ್ದಳು. ಹೊಸ ಕಾನ್‌ಸ್ಟೆಬಲ್‌ಗೆ 29,907. ಹೆಚ್ಚುಕಡಿಮೆ ಒಂದೇ, ಅಲ್ವಾ? ವ್ಯತ್ಯಾಸ ಇರುವುದು ಮುಂದಿನ ಮೆಟ್ಟಿಲುಗಳಲ್ಲಿ. ಕಾನ್‌ಸ್ಟೆಬಲ್ ಬಡ್ತಿ ಇಲ್ಲದೆಯೇ, ಏಳು ವರ್ಷದ ಸೇವೆಗೆ ಆಗ 48,231 ಮುಟ್ಟುತ್ತಿದ್ದ. ಬ್ಯಾಂಡ್ 5 ನರ್ಸ್ ನಾಲ್ಕು ವರ್ಷಕ್ಕೆ 36,483ಕ್ಕೆ ಬಂದು ಅಲ್ಲೇ ನಿಲ್ಲುತ್ತಿದ್ದಳು. ಅಲ್ಲಿಂದ ಮೇಲೆ ಹೋಗಬೇಕೆಂದರೆ ಬ್ಯಾಂಡ್ 6 ಹುದ್ದೆ ಖಾಲಿಯಾಗಬೇಕು, ಅರ್ಜಿ ಹಾಕಬೇಕು, ಸಂದರ್ಶನ ಗೆಲ್ಲಬೇಕು. ಹೊಸಬರಿಗೆಲ್ಲ ಕೆಲಸ ಕಲಿಸುತ್ತಾ ಹತ್ತಾರು ವರ್ಷ ಬ್ಯಾಂಡ್ 5ರಲ್ಲೇ ಇರುವವರು ನಮ್ಮಲ್ಲಿ ಎಷ್ಟೋ ಜನ.

ರಾತ್ರಿ ಪಾಳಿಗೆ ನಮಗೆ ಶೇ. 30, ಭಾನುವಾರಕ್ಕೆ ಶೇ. 60 ಹೆಚ್ಚುವರಿ ಸಿಗುತ್ತದೆ. ಪೊಲೀಸರಿಗೆ ರಾತ್ರಿಗೆ ಸಿಗುವುದು ಶೇ. 10 ಮಾತ್ರ. ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಆದರೆ ಅದು ನಿದ್ದೆಗೆಟ್ಟು ಗಳಿಸುವ ದುಡ್ಡು. ಮಕ್ಕಳಾದ ಮೇಲೆ ಹಗಲು ಪಾಳಿಗೆ ಬಂದರೆ ಅದೂ ಇಲ್ಲ.

ಓದಿನ ಖರ್ಚು ಬೇರೆ. ಇಲ್ಲೇ ಓದುವ ಹುಡುಗಿಯರು ಫೀಸಿಗೆ ಸಾಲ ಮಾಡಿ ಡಿಗ್ರಿ ಮುಗಿಸುತ್ತಾರೆ. ಜೊತೆಗೆ 2,300 ಗಂಟೆ ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ತರಬೇತಿ, ಅದಕ್ಕೆ ಸಂಬಳವಿಲ್ಲ. ಪೊಲೀಸ್‌ಗೆ ಅಪ್ರೆಂಟಿಸ್ ಆಗಿ ಸೇರಿದವರು ಸಂಬಳ ತೆಗೆದುಕೊಂಡೇ ಡಿಗ್ರಿ ಓದುತ್ತಾರೆ.

ಪೊಲೀಸರಿಗೆ ಜಾಸ್ತಿ ಕೊಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. 1919ರ ಕಾನೂನಿನಿಂದ ಅವರಿಗೆ ಮುಷ್ಕರದ ಹಕ್ಕೇ ಇಲ್ಲ. ಅದಕ್ಕೆ ಬೆಲೆ ಕಟ್ಟಲೇಬೇಕು. ನಮಗೆ ಆ ಹಕ್ಕಿದೆ, ಆದರೂ ನರ್ಸ್‌ಗಳ ಸಂಘವಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್‌ನವರು ಇಂಗ್ಲೆಂಡಿನಲ್ಲಿ ಮೊದಲ ಸಲ ಮುಷ್ಕರಕ್ಕೆ ಇಳಿದಿದ್ದು 2022ರ ಡಿಸೆಂಬರ್‌ನಲ್ಲಿ. ರೋಗಿಯನ್ನು ಬಿಟ್ಟು ಹೊರಗೆ ನಿಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಆ ಸಂಕೋಚಕ್ಕೆ ಮಾತ್ರ ಯಾರೂ ಬೆಲೆ ಕಟ್ಟಿಲ್ಲ.

ಈಗ ನಮ್ಮ ಬೇಡಿಕೆ ಸರಳ. ಅನುಭವ ಆದ ಮೇಲೆ ನರ್ಸ್ ತಾನಾಗಿಯೇ ಬ್ಯಾಂಡ್ 6ಕ್ಕೆ ಹೋಗಬೇಕು. ಹೆರಿಗೆ ಮಾಡಿಸುವ ಹೊಸ ಮಿಡ್‌ವೈಫ್‌ಗಳು, ಆಂಬ್ಯುಲೆನ್ಸ್‌ನ ಪ್ಯಾರಾಮೆಡಿಕ್‌ಗಳು ಈಗಾಗಲೇ ಹಾಗೆ ಹೋಗುತ್ತಿದ್ದಾರೆ. ನರ್ಸ್‌ಗೆ ಯಾಕಾಗಬಾರದು?